ನಾಲ್ಕನೇ ಸೀಟು

ಸಂಜೆ ಆರು ಇಪ್ಪತ್ತರ ಬದ್ಲಾಪುರ ಸ್ಲೋ.
ಮೂವರಿಗೆಂದು ಮಾಡಿದ ಬೆಂಚು;
ನಾಲ್ಕನೆಯವಳು ಕೂರುವುದು ಅರ್ಧ ಮೈಯಲ್ಲಿ,
ಒಂದು ಕಾಲು ದಾರಿಗೆ ಚಾಚಿ.
ಕಾನೂನಲ್ಲ ಅದು, ಪಾಸಿನ ಮೇಲೆ ಬರೆದಿಲ್ಲ.
ಇಲ್ಲವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ,
ಚೀಲ ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ, ಅಷ್ಟೆ.

ಮಂದಾಕಿನಿ ತಾಯ್ಶೆಟೆ
ಆಸ್ಪತ್ರೆಯ ಚಾದರ ಒಗೆಯುವವಳು.
ವೀಟಿಯಲ್ಲಿ ಕೂತರೆ ಮಸ್ಜಿದ್ ಬರುವ ಮೊದಲೇ ನಿದ್ದೆ.
ಬ್ಲೀಚಿನ ವಾಸನೆ, ಸುಕ್ಕಿದ ಬೆರಳತುದಿ,
ಮಡಿಲಲ್ಲಿ ಅರ್ಧ ಬಿಡಿಸಿದ ಬಟಾಣಿ.
ಯಾರದೋ ಮೊಣಕಾಲು ತಗುಲಿದರೆ ಸಾಕು
ಕಣ್ಣು ಬಿಡದೆ ಸರಿಯುತ್ತಿದ್ದಳು,
ಬಿಂದಿಗೆ ಇಳಿಸಿದಾಗ ನೀರು ಸರಿಯುವ ಹಾಗೆ.

ಯಾರೆಂದಾದರೂ ನೋಡಬಾರದೇ, ಕೇಳಿದ್ದೆ ಒಮ್ಮೆ.
"ನೋಡಿದರೆ ನಿದ್ದೆ ಕೆಡುತ್ತದೆ."
ತತ್ತ್ವವಲ್ಲ ಅದು, ದಣಿವು. ಗೊತ್ತು ನನಗೆ.

ಕುರ್ಲಾದಲ್ಲಿ ಆ ದಿನ ಹತ್ತಿದವಳು
ಚಪ್ಪಾಳೆ ತಟ್ಟಲಿಲ್ಲ, ಹಣ ಕೇಳಲಿಲ್ಲ.
ಗಲ್ಲದ ಮೇಲೆ ಬೋಳಿಸಿದ ಹಸಿರು ನೆರಳು,
ಕಂಕುಳಲ್ಲಿ ಎಕ್ಸ್‌ರೇ ಲಕೋಟೆ.
ಕೂರಲು ಜಾಗ ಹುಡುಕಿದಳು.
ಡಬ್ಬಿಯ ಬೆಂಚುಗಳೆಲ್ಲ ಉಬ್ಬಿಕೊಂಡವು.
ನಾನು, ದಯೆಯ ವಚನಗಳು ಬಾಯಿಪಾಠ ಬರುವವಳು,
ಕೊಡೆಯನ್ನು ತೆಗೆದು ತೊಡೆಯ ಪಕ್ಕಕ್ಕಿಟ್ಟೆ.

ನಿದ್ದೆಯಲ್ಲೇ ಮಂದಾಕಿನಿ ಸರಿದಳು.
ಅವಳು ತಳ್ಳಿದ್ದು ನಡುವಿನವಳನ್ನು,
ನಡುವಿನವಳು ಕಿಟಕಿಯ ನನ್ನನ್ನು.
ಕೊಡೆ ಕೆಳಗೆ ಬಿತ್ತು.
ನಾನು ಕಳೆದುಕೊಂಡದ್ದು ನಾಲ್ಕು ಬೆರಳಗಲ. ಅಳೆದಿದ್ದೇನೆ.

ಸರ್ಕಾ ಜರಾ, ಅನ್ನುತ್ತಾರೆ ಇಲ್ಲಿ.
ನನ್ನ ನುಡಿಯಲ್ಲಿ
ಸರಿ ಎಂದರೆ ಒಪ್ಪು,
ಸರಿ ಎಂದರೆ ತುಸು ಆಚೆ ಜರುಗು.
ಎರಡನ್ನೂ ಒಂದೇ ಮಾತಲ್ಲಿ ಕಟ್ಟಿಟ್ಟವರು
ಎಂಥ ಇಕ್ಕಟ್ಟಿನ ಜಗಲಿಯಲ್ಲಿ ಕೂತಿದ್ದರೋ!
ಇಷ್ಟು ವರ್ಷ ನಾನು ಆಡಿದ ಸರಿಗಳಲ್ಲಿ
ಜರುಗಿದ್ದು ಎಷ್ಟು, ಲೆಕ್ಕ ಸಿಗಲಿಲ್ಲ.

ಮುಂಬ್ರಾದಲ್ಲಿ ಅವಳು ಎದ್ದಳು.
ಬಗ್ಗಿ, ಬಿದ್ದ ಕೊಡೆ ಎತ್ತಿ, ಧೂಳು ಕೊಡವಿ,
ನನ್ನ ಮಡಿಲಲ್ಲಿಟ್ಟು ಇಳಿದು ಹೋದಳು.
ಮಂದಾಕಿನಿಗೆ ಯಾವುದೂ ಗೊತ್ತಿಲ್ಲ;
ಒಂದು ಬಟಾಣಿ ಉರುಳಿತ್ತು, ಅಷ್ಟೇ.

ಅವಳು ರಿಟೈರಾಗಿ ಮೂರು ಮಳೆಗಾಲ.
ಕಿಟಕಿ ಬಿಟ್ಟು ತುದಿಯಲ್ಲಿ ಕೂರುತ್ತೇನೆ ಈಗ ನಾನು.
ಮೊಣಕಾಲು ತಗುಲುತ್ತದೆ.
ಸರಿಯುತ್ತೇನೆ, ಇಲ್ಲವೆಂದಲ್ಲ;
ಆದರೆ ಮೊದಲು ಮುಖ ನೋಡುತ್ತೇನೆ.
ಅಷ್ಟರಲ್ಲಿ ಕೆಲವರ ಸ್ಟೇಷನ್
ಬಂದುಬಿಟ್ಟಿರುತ್ತದೆ.