ಅಳತೆ ಪುಸ್ತಕ

ಮುಂಡಗೋಡಿನ ಲೋಬ್ಸಾಂಗ್: ಹೆಗಲು ಹದಿನೆಂಟು,
ಕಡುಗೆಂಪು, ತೋಳಿಲ್ಲ.
ಕಂಕುಳಂಚಿನ ನೀಲಿ ಗೋಟು ಮರೆತರೆ
ಮಠದಲ್ಲಿ ನಗುತ್ತಾರೆ ಅಂತ
ಎರಡು ಸಲ ಹೇಳಿ ಹೋದ.

ಕಾರವಾರ ಬಂದರಿನ ಗುಮಾಸ್ತ ನಾಗಸೇನ ಕಾಂಬ್ಳೆ:
ಎದೆ ನಲವತ್ತು, ಬಿಳಿ ಅಂಗಿ, ದೀಕ್ಷೆಯ ದಿನಕ್ಕೆ.
ದೇವಿಕೆರೆಯ ಈ ಅಂಗಡಿ ಮೊದಲು ಯಾರದು, ಕೇಳಿದ.
ಅಪ್ಪನದು, ಅಂದೆ.
ಅವನಪ್ಪನ ಅಳತೆಯನ್ನು ನನ್ನಪ್ಪ
ಮುಟ್ಟದೆ ಬರಕೊಂಡಿದ್ದನಂತೆ,
ಮೆಟ್ಟಿಲ ಮೇಲಿಂದ, ಕಣ್ಣಂದಾಜಿಗೆ.
ಬಗಲಲ್ಲಿ ಬಿಗಿಯಾಗಿತ್ತಂತೆ.
ಗುಂಡಿಗಳನ್ನು ಎರಡೆರಡು ಸಲ ಕಟ್ಟಿದೆ.
ಅಷ್ಟೇ ಬಂತು ಕೈಗೆ.

ಇವತ್ತು, ಬನವಾಸಿ ಬಸ್ಸಿನ ಬಾಗಿಲಿಗೆ
ಚೀವರ ಹರಕೊಂಡ ಸಿಂಹಳದ ಮುದಿ ಭಿಕ್ಕು.
ಅಳತೆ ಬೇಡವೆಂದರು.
ಇಡೀ ಬಟ್ಟೆ ಉಡುವ ಹಾಗಿಲ್ಲ,
ತುಂಡು ಮಾಡಿ ಆಮೇಲೆ ಕೂಡಿಸಬೇಕು,
ಗದ್ದೆಗೆ ಬದು ಇದ್ದಂತೆ,
ಕದ್ದವನಿಗೂ ಕಾಸು ಹುಟ್ಟದಂತೆ.

ಕತ್ತರಿ ತಪ್ಪಿ ಬೈಸಿಕೊಂಡೇ ಮುಪ್ಪಾದವ ನಾನು.
ನಮ್ಮಲ್ಲಿ ಬದುವೆಂದರೆ ಕೋರ್ಟು, ಅಂದೆ.
ಜೊತೆಗಿದ್ದ ಹುಡುಗ
ಅದನ್ನು ತರ್ಜುಮೆ ಮಾಡಲಿಲ್ಲ.

ಆ ಕಂದು ಬಣ್ಣದ ದಾರ ನನ್ನಲ್ಲಿಲ್ಲ.
ಲೋಬ್ಸಾಂಗನ ನೀಲಿ ಇದೆ,
ಕಾಂಬ್ಳೆಯ ಬಿಳಿ ಮಿಕ್ಕಿದೆ.
ಯಾವುದನ್ನು ಪೋಣಿಸಲಿ?
ಹರಿದಲ್ಲಿ ಬೆರಳಿಟ್ಟು ಕೂತಿದ್ದಾರೆ,
ಐದರ ಬಸ್ಸು ಹಾರ್ನ್ ಹಾಕುತ್ತಿದೆ.