ತಿದ್ದುಪಡಿ

ನಮ್ಮದು ವಾರಕ್ಕೆರಡು ಸಲ ಬರುವ ಪತ್ರಿಕೆ.
ಮಂಗಳವಾರ ಹನ್ನೆರಡು ಪುಟ, ಶುಕ್ರವಾರ ಹದಿನಾರು.
ಹೆಚ್ಚಿನ ನಾಲ್ಕು ಪುಟ ಸುದ್ದಿಯದಲ್ಲ, ಅಂಗಡಿಯವರದು.
ಹಾಪಲಹ್ತಿಯಲ್ಲಿ ಸತ್ತವರಿಗೆ ಚೌಕಟ್ಟು ಹಾಕುವವಳು ನಾನು,
ಆಲೂಗಡ್ಡೆಗೆ ಚೌಕಟ್ಟು ಹಾಕುವವಳೂ ನಾನೇ.
ಸತ್ತವರದು ತೆಳು ಗೆರೆ.
ಆಲೂಗಡ್ಡೆಯದು ದಪ್ಪ, ಅದಕ್ಕೆ ಕಾಸು ಜಾಸ್ತಿ.

ಫಿನ್‌ಲೆಂಡಿನ ಈ ಮೂಲೆಯಲ್ಲಿ ಸುದ್ದಿಗೇನು ಬರ?
ಮೂಸ್ ಒಂದು ಕೆರೆಯನ್ನು ಈಜಿ ದಾಟಿತು.
ಮೂರು ದಿನದ ಮೇಲೆ ಈಜಿಕೊಂಡೇ ವಾಪಸ್ಸು ಬಂತು.
ಅದು ಒಂದು ಸಂಚಿಕೆ, ಇದು ಇನ್ನೊಂದು.
ಗ್ರಂಥಾಲಯದ ಮೆಟ್ಟಿಲಿಗೆ ಹಿಡಿಕಂಬಿ ಬೇಕೋ ಬೇಡವೋ
ಪುರಸಭೆ ಏಳನೆಯ ಸಲ ಮುಂದೂಡಿದೆ;
ಕಂಬಿ ಕೇಳಿದ ಮುದುಕ ಈಗ ತೆಳು ಗೆರೆಯೊಳಗಿದ್ದಾನೆ.
ಓದುಗರ ಮೂಲೆಯಲ್ಲಿ ಹೆಸರಿಲ್ಲದ ಎರಡು ಸಾಲು:
"ನನ್ನ ಅಂಗಳದ ರೂಬಾರ್ಬ್ ಕಿತ್ತವರೇ,
ಎಲೆ ವಿಷ, ದಂಟು ಮಾತ್ರ ತಿನ್ನಿ."
ಬರೆದವರು ಯಾರು, ತಿಂದವರು ಯಾರು, ಊರಿಗೆಲ್ಲ ಗೊತ್ತು.

ಲೆಂಪಿ ಅಜ್ಜಿಯ ಅಂಚೆಪೆಟ್ಟಿಗೆಗೆ
"ಜಾಹೀರಾತು ಬೇಡ" ಎಂಬ ಚೀಟಿ ಇದೆ.
ಅಜ್ಜಿ ಪಕ್ಕದ ಪೆಟ್ಟಿಗೆಯದನ್ನು ಎತ್ತಿ ಓದಿ
ಮಡಿಕೆ ಕೆಡದ ಹಾಗೆ ಅಲ್ಲೇ ಇಡುತ್ತಾಳೆ. ತತ್ವ ಅಂದರೆ ತತ್ವ.

ಆಮೇಲೆ ನಮ್ಮ ತಂಡ. ಆಟದ ಹೆಸರು ಪೆಸಪಲ್ಲೊ.
ಬೇರೆ ದೇಶದಲ್ಲಿ ಚೆಂಡನ್ನು ದಾಂಡಿನವನ ಕಡೆ ಎಸೆಯುತ್ತಾರಂತೆ,
ನಾವು ನೆಟ್ಟಗೆ ಆಕಾಶಕ್ಕೆ ಎಸೆಯುತ್ತೇವೆ.
ಇಳಿಯುವಾಗ ಬಾರಿಸಬೇಕು.
ನಮ್ಮವರ ಪಾಲಿಗೆ ಅದು ಸುಮ್ಮನೆ ಇಳಿಯುತ್ತದೆ.
ತರಬೇತುದಾರ ತೈಸ್ತೊ ಬಣ್ಣದ ಬೀಸಣಿಗೆ ಬಿಚ್ಚುತ್ತಾನೆ,
ಕೆಂಪೆಂದರೆ ಓಡು, ನೀಲಿಯೆಂದರೆ ನಿಲ್ಲು.
ಹನ್ನೊಂದು ವರ್ಷದಲ್ಲಿ ಅದಕ್ಕೆ ಹೆದರಿ ಓಡಿದ್ದು ಸೊಳ್ಳೆಗಳು.
"ವೀರೋಚಿತ ಸೋಲು" ನನ್ನ ಕಂಪ್ಯೂಟರಿನಲ್ಲಿ ಸದಾ ತಯಾರು,
ಅಂಕ ತುಂಬಿದರಾಯಿತು.

ಆ ಶುಕ್ರವಾರ ನನ್ನ ಬೆರಳು ಜಾರಿತು.
ಕಾಫಿಪುಡಿ ಅರ್ಧ ಬೆಲೆ, ಒಬ್ಬರಿಗೆ ೨ ಪೊಟ್ಟಣ.
ಎರಡರ ಪಕ್ಕ ಸೊನ್ನೆಯೊಂದು ಬಂದು ಕೂತುಬಿಟ್ಟಿತು,
ನೆಂಟರ ಹಾಗೆ, ಹೇಳದೆ ಕೇಳದೆ.

ಶನಿವಾರ ಬೆಳಿಗ್ಗೆ ಕ್ಯೂ ಅಂಗಡಿಯಿಂದ ಹೊರಟು
ಬ್ಯಾಂಕು ದಾಟಿ, ಇಗರ್ಜಿ ದಾಟಿ, ಸ್ಮಶಾನದ ಗೇಟಿಗೆ ತಾಗಿತು.
ಎರಡೇ ಪೊಟ್ಟಣದ ಕಾಲದಲ್ಲಿ ಗಂಡ ಹೆಂಡತಿ
ಬೇರೆ ಬೇರೆ ನಿಂತು ಗುರುತಿಲ್ಲದವರಂತೆ ನಟಿಸುತ್ತಿದ್ದರು.
ಈಗ ಕೈಕೈ ಹಿಡಿದು ಬಂದರು, ಎಷ್ಟೋ ವರ್ಷದ ಮೇಲೆ.
ಪಾದ್ರಿ ಬಂದ. ಕೈಗಾಡಿ ತಂದ.
ನಮ್ಮ ಛಾಯಾಗ್ರಾಹಕ ವೈನೊ ಕ್ಯಾಮೆರಾ ಕಾರಿನಲ್ಲಿ ಬಿಟ್ಟು
ಪಾದ್ರಿಯ ಹಿಂದೆ ನಿಂತ.

ಅದೇ ಹೊತ್ತಿಗೆ ಖಾಲಿ ಮೈದಾನದಲ್ಲಿ
ಬೀಸಣಿಗೆ ಕೆಂಪಾಯಿತು, ಹುಡುಗರು ನಿಜಕ್ಕೂ ಓಡಿದರು.
ಗೆದ್ದರು.
ಚಪ್ಪಾಳೆ ಹೊಡೆದದ್ದು ಎದುರಾಳಿ ತಂಡದ ಬಸ್ಸಿನ ಡ್ರೈವರು,
ಅದೂ ಚಳಿಗೆ ಕೈ ಉಜ್ಜುತ್ತಿದ್ದನೋ ಏನೋ.

ಮಂಗಳವಾರ ಮೊದಲ ಪುಟದ ತುಂಬ ತಿದ್ದುಪಡಿ:
"ಇಪ್ಪತ್ತಲ್ಲ, ಎರಡು. ವಿಷಾದಿಸುತ್ತೇವೆ."
ಗೆಲುವಿಗೆ ಏಳನೆಯ ಪುಟದಲ್ಲಿ ಮೂರು ಸಾಲು ಉಳಿದಿತ್ತು.
ಅವಸರಕ್ಕೆ ಹಳೆಯ ಅಚ್ಚನ್ನೇ ತೆಗೆದು ಅಂಕ ತುಂಬಿದೆ.
ಶೀರ್ಷಿಕೆ ಬದಲಿಸಲು ಮರೆತೆ.

ವೀರೋಚಿತ ಸೋಲು, ಎಂಟಕ್ಕೆ ಎರಡು, ನಮ್ಮವರ ಜಯ.

ತೈಸ್ತೊ ಫೋನು ಮಾಡಿ ಬೈಯುತ್ತಾನೆಂದು ಕಾದೆ, ಮಾಡಲಿಲ್ಲ.
ಇಲ್ಲಿ ಹಳೆಯ ಪತ್ರಿಕೆಯೆಲ್ಲ ಹೋಗುವುದು ಸೌನಾದ ಒಲೆಗೆ.
ನನ್ನ ತಿದ್ದುಪಡಿಯಿಂದ ಅವನು ಬೆಂಕಿ ಹೊತ್ತಿಸಿದನಂತೆ,
ಚೆನ್ನಾಗಿ ಉರಿಯಿತಂತೆ.
ಏಳನೆಯ ಪುಟ ಮಾತ್ರ ಕತ್ತರಿಸಿ
ಅಡುಗೆಮನೆಯ ಕಿಟಕಿಯ ಗಾಜಿಗೆ ಅಂಟಿಸಿದ್ದಾನೆ,
ಕಾಫಿ ಕುಡಿಯುತ್ತ ಓದಲು.
(ಕಾಫಿ ಎಲ್ಲಿಯದೆಂದು ಕೇಳಬೇಡಿ.
ಅವನ ಹೆಂಡತಿ ಕ್ಯೂನಲ್ಲಿ ಒಂಬತ್ತನೆಯವಳು.)

ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಪುಟದ ಬೆನ್ನು:
ಟ್ರ್ಯಾಕ್ಟರ್ ಟೈರು, ಜೋಡಿಗೆ ರಿಯಾಯಿತಿ, ತಿಂಗಳಾಂತ್ಯದವರೆಗೆ.
ನಿನ್ನೆ ಟೈರಿನ ಅಂಗಡಿಯವನು ಬಂದು
ಆ ಕಿಟಕಿಗೆ ಎಷ್ಟು ಕೊಡಬೇಕೆಂದು ನನ್ನನ್ನು ಕೇಳಿದ.