ಮೂರೂಕಾಲು ಗಜ

ಅವೆನ್ಯೂ ರಸ್ತೆಯ ನನ್ನ ಕನ್ನಡಕದಂಗಡಿ
ಉದ್ದಕ್ಕೆ ಮೂರೇ ಮೀಟರು.
ಅಕ್ಷರದ ಹಲಗೆಗೆ ಆರು ಬೇಕು.
ಗೋಡೆಗೊಂದು ಕನ್ನಡಿ ತೂಗುಹಾಕಿ
ಇಲ್ಲದ ಮೂರನ್ನು ಗಾಜಿನೊಳಗಿಂದ ಸಾಲ ತಂದೆ.
ಮೂವತ್ತೊಂದು ವರ್ಷ. ಯಾರೂ ಕೇಳಿಲ್ಲ.

ಆರರ ಆಚೆಗೆ ನನಗೆ ಲೋಕ ಗೊತ್ತಿಲ್ಲ.
ಅದಕ್ಕೇ ಇರಬೇಕು,
ಐವತ್ತು ದಾಟಿದ ಮೇಲೆ ಗಾಲ್ಫ್ ಕಲಿತವಳ ಚೆಂಡು
ಒಂದೋ ಬಾವುಟಕ್ಕೆ ಮೊದಲೇ ಕೂತುಬಿಡುತ್ತದೆ,
ಇಲ್ಲವೇ ಹಾರಿ
ಸ್ಯಾಂಕಿ ರಸ್ತೆಯ ಹಾರನ್ನುಗಳ ಮಗ್ಗುಲಲ್ಲಿ
ಬಲೆಗೆ ಸಿಕ್ಕಿ ಜೋಲಾಡುತ್ತದೆ.

"ದೂರ ಅಳೆಯೋದೊಂದು ತಗೊಳ್ರೀ," ಅಂದಳು ನಫೀಸಾ.

ಇನ್‌ಫೆಂಟ್ರಿ ರಸ್ತೆಯ ಹುಡುಗ ಮೂರನ್ನು ಮುಂದಿಟ್ಟ.
ಕೈಗಡಿಯಾರ: ಆಕಾಶವನ್ನು ಕೇಳಿ ಹೇಳುತ್ತದೆ
ಹಸಿರಿನ ಮುಂದು, ನಡು, ಹಿಂದು.
ಇವತ್ತು ಬಾವುಟ ಎಲ್ಲಿ ನೆಟ್ಟರೋ, ಅದಕ್ಕೆ ತಿಳಿಯದು.
ಸೊಂಟಕ್ಕೆ ಸಿಕ್ಕಿಸುವುದು: ಮಾತಾಡುತ್ತದೆ.
ಬೇಡ, ಮನೆಯಲ್ಲಿದ್ದಾರೆ ಮಾತಾಡುವವರು.
ಕಣ್ಣಿಗೆ ಹಿಡಿಯುವುದು: ಬಾವುಟ ಸಿಕ್ಕ ಕೂಡಲೇ
ಅಂಗೈಯಲ್ಲೊಮ್ಮೆ ನಡುಗುತ್ತದೆ, ಗುಬ್ಬಿ ಹಿಡಿದ ಹಾಗೆ.
"ಏರುತಗ್ಗಿನ ಲೆಕ್ಕಾನೂ ಕೊಡತ್ತೆ ಮೇಡಂ,
ಟೂರ್ನಮೆಂಟಲ್ಲಿ ಮಾತ್ರ ಆ ಬಟನ್ ಆಫ್ ಮಾಡ್ಬೇಕು."
ಗಡಿಯಾರವನ್ನೂ ಇದನ್ನೂ ಒಂದು ವಾರಕ್ಕೆ
ಅಡ್ವಾನ್ಸ್ ಕೊಟ್ಟು ತಂದೆ, ಒಗ್ಗಿದ್ದು ಇಟ್ಟುಕೊಳ್ಳುವುದೆಂದು.

ಮುನಿಯೆಲ್ಲಪ್ಪ ಏನೂ ಅನ್ನಲಿಲ್ಲ.
ಹದಿನಾಲ್ಕನೇ ವಯಸ್ಸಿಗೆ ಈ ಹುಲ್ಲಿಗೆ ಬಂದ ಕ್ಯಾಡಿ,
ನನ್ನ ಚೀಲ ಹೊತ್ತು ಎರಡು ವರ್ಷ.
ಅವನ ಲೆಕ್ಕವೆಲ್ಲ ಗಜದಲ್ಲಿ.
ಚಿಕ್ಕಪೇಟೆಯ ಬಟ್ಟೆಯಂಗಡಿಗಳಲ್ಲಿ ಸತ್ತ ಗಜ
ಇಲ್ಲಿ ಮೇಯುತ್ತಾ ಬದುಕಿಕೊಂಡಿದೆ.

"ನೂರಾ ಐವತ್ತು," ಅಂದ.
ಗುಬ್ಬಿ ನಡುಗಿತು: ನೂರಾ ಮೂವತ್ತೆಂಟು.
ಮುಂದಿನ ಕುಳಿಯಲ್ಲೂ ಹನ್ನೆರಡು ಹೆಚ್ಚು. ಅದರಾಚೆಯದರಲ್ಲಿ ಸರಿ.
ಮತ್ತೆ ಹನ್ನೊಂದು ಹೆಚ್ಚು.
ಇಷ್ಟು ದಿನ ಬೈಸಿಕೊಂಡಿದ್ದು ನನ್ನ ಕೈ.
ಗೆದ್ದವಳಂತೆ ತಿರುಗಿದೆ.
ಅವನು ಕತ್ತು ಓರೆ ಮಾಡಿ
ಬಾವುಟವನ್ನೇ ನೋಡುತ್ತಿದ್ದ, ಬೆಳಗಿನ ಬಿಸಿಲು ನೇರ ಮುಖಕ್ಕೆ,
ಎರಡೂ ಪಾಪೆಗಳಲ್ಲಿ
ಗಂಜಿತಿಳಿ.

ಮೂವತ್ತೊಂದು ವರ್ಷ ಊರಿನ ಕಣ್ಣು ನೋಡಿದವಳು ನಾನು.

ಸೋಮವಾರ ಅಂಗಡಿಗೆ ಕರೆಸಿದೆ.
ಇಸ್ತ್ರಿ ಅಂಗಿ ಹಾಕಿ ಬಂದ, ಸ್ಟೂಲಿನ ಮೇಲೆ ಕೂತ.
ದೊಡ್ಡ ಅಕ್ಷರ ಒಂದು ಓದಿದ, ಎರಡನೇ ಸಾಲು ಊಹಿಸಿದ,
ಮೂರನೆಯದಕ್ಕೆ ಸುಮ್ಮನಾದ.
ಆಮೇಲೆ ಎದ್ದು, ಬಾಗಿಲಿಂದ ಕನ್ನಡಿಗೆ
ಹೆಜ್ಜೆ ಹಾಕಿ,
"ಮೂರೂಕಾಲು ಗಜ ಅಲ್ವೇನಮ್ಮಾ ಇದು?
ಆರು ಮೀಟರು ಅಂತ ಬರ್ದಿದ್ದೀರಿ."

ಮಿಂಟೋ ಆಸ್ಪತ್ರೆಯ ಸಾಲಿನಲ್ಲಿ ಎರಡು ಬೆಳಗು,
ಒಂದು ಕಣ್ಣಿಗೆ ಮುಂಚೆ, ತಿಂಗಳು ಬಿಟ್ಟು ಇನ್ನೊಂದಕ್ಕೆ.

ಅಷ್ಟರಲ್ಲಿ ಅಡ್ವಾನ್ಸಿನ ವಾರ ಕಳೆದು
ಹುಡುಗ ಫೋನ್ ಮಾಡಿ ಮಾಡಿ ಸೋತಿದ್ದ.
ಗಡಿಯಾರ ವಾಪಸ್ಸು ಕೊಟ್ಟೆ, ಅದು ಒಬ್ಬರ ಮಣಿಕಟ್ಟಿಗೆ.
ಕಣ್ಣಿಗೆ ಹಿಡಿಯುವುದಕ್ಕೆ ಒಂದು ಬಳೆಯಿದೆ,
ಈ ಕಡೆ ತಿರುಗಿಸಿದರೆ ನನ್ನ ಮೈನಸ್ ಎರಡು,
ಆ ಕಡೆಗೆ ಅವನ ಹೊಸ ಕಣ್ಣು.
ಬಳೆಯ ಮೇಲೆ ಉಗುರುಬಣ್ಣದಲ್ಲಿ
ಎರಡು ಚುಕ್ಕೆ ಇಟ್ಟಿದ್ದೇನೆ.

ಮೊನ್ನೆ ಮೊದಲ ಸಲ ಅವನ ಕೈಗೆ ಕೊಟ್ಟೆ.
ಹಿಡಿದ. ತಿರುಗಿಸಿದ. ಬಹಳ ಹೊತ್ತು ನೋಡಿದ,
ನಾನು ಅಂಕಿಗೆ ಕಾದೆ.

"ಬಿಳೀ ಬಾವುಟ," ಅಂದ.
ಮೈದಾನದ ನಿಯಮ: ಕೆಂಪು ಹಸಿರಿನ ಮುಂದೆ,
ಬಿಳಿ ನಡುವೆ, ಹಳದಿ ಹಿಂದೆ,
ಹಿಂದಕ್ಕೆ ಇನ್ನೊಂದು ಹನ್ನೆರಡು ಗಜ.
"ಹಳ್ದೀದು ಅಂದ್ಕೊಂಡಿದ್ದೆನಲ್ಲಮ್ಮ, ಇಷ್ಟು ದಿವ್ಸಾನೂ."

ಏಳನೇ ನಂಬರಿನ ಕೋಲು ಎಳೆದು ಕೊಟ್ಟ.
ಹೊಡೆದೆ.
ಮರಳಿಗೆ ಬಿತ್ತು.
ಇಬ್ಬರೂ ನಡೆದು ಹೋದೆವು ಅಲ್ಲಿಯವರೆಗೆ,
ಅವನು ಹೆಜ್ಜೆ ಎಣಿಸುತ್ತಾ.